ಎರಡು ಸ್ಪೇಸ್

ಕುರುಗೋಡು,
ಗುರುವಾರ

ಅಂಬುಜಮ್ಮನವರಿಗೆ ಜಂಬಣ್ಣನ ನಮಸ್ಕಾರಗಳು.

ನಿನ್ನೆ ಪಾರ್ವತಿನಗರದ ನಿಮ್ಮ ಅಂಗಡಿಯಲ್ಲಿ ನನ್ನ ಬೀದಿದೀಪದ ಅರ್ಜಿ ಟೈಪ್ ಮಾಡುವಾಗ, ಪ್ರತಿ ಫುಲ್‌ಸ್ಟಾಪ್ ಆದಮೇಲೆ ಎರಡು ಸ್ಪೇಸ್ ಬಿಡಿ ಎಂದು ಕೇಳಿದೆ. ಕಾಲೇಜಿನ ಇಂಗ್ಲಿಷಿನಲ್ಲಿ ನನಗೆ ಉಳಿದಿರುವುದು ಅದೊಂದು, ಮತ್ತೆ ‘ಐ ಬೆಗ್ ಟು ಸ್ಟೇಟ್’ ಅನ್ನುವುದೊಂದು. ನೀವು ನಕ್ಕು, “ಅದು ಟೈಪ್‌ರೈಟರ್ ಕಾಲದ್ದು ಜಂಬಣ್ಣಾರ, ಈಗ ಒಂದ ಸಾಕ್ರಿ” ಎಂದಿರಿ. ನಾನು ಒಪ್ಪಿಕೊಂಡೆ.

ಆಮೇಲೆ ಸಿರುಗುಪ್ಪದ ಕರಿಬಸವ ಮಾಸ್ತರರು ಬಂದರು. ಅವರೂ ಎರಡೇ ಕೇಳಿದರು. ಅವರಿಗೆ ಮಾತ್ರ, “ಆತು ಬಿಡ್ರಿ ಮಾಸ್ತರ, ನಿಮ್ಮ ರೂಢಿ ನಿಮಗ” ಎಂದು ಎರಡೆರಡು ಸಲ ಒತ್ತಿದಿರಿ. ಬೆಂಚಿನ ಮೇಲೆ ಕೂತು ಆ ಸದ್ದು ಕೇಳುತ್ತಿದ್ದೆ. ಚಹಾ ಕೂಡ ಮೊದಲು ಅವರಿಗೇ ಕೊಟ್ಟಿರಿ. ಅದಿರಲಿ.

ತೀರಿಹೋದ ನನ್ನ ಹೆಂಡತಿ ಸಾವಂತ್ರಮ್ಮ ಇದ್ದಿದ್ದರೆ, “ನಿಮಗ ಹೊಟ್ಟಿಕಿಚ್ಚು” ಎಂದು ಆಡಿಕೊಳ್ಳುತ್ತಿದ್ದಳು. ಹೊಟ್ಟೆಕಿಚ್ಚೇನಲ್ಲ, ನಿಯಮ ಎಲ್ಲರಿಗೂ ಒಂದೇ ಇರಲಿ ಎಂದಷ್ಟೇ ನನ್ನ ಮಾತು.

ನಿಜ ಹೇಳಬೇಕೆಂದರೆ ನಮ್ಮ ಓಣಿಯ ದೀಪ ಹೋದ ತಿಂಗಳೇ ಹತ್ತಿದೆ. ಆದರೂ ಪಾರ್ವತಿನಗರಕ್ಕೆ ಬರಲು ಏನಾದರೊಂದು ಕೆಲಸ ಬೇಕಲ್ಲ. ಆದ್ದರಿಂದ ಆ ಅರ್ಜಿಯನ್ನು ಎರಡು ಸ್ಪೇಸ್ ಬಿಟ್ಟು ಇನ್ನೊಮ್ಮೆ ಟೈಪ್ ಮಾಡಿಡಿ. ಅವಸರವೇನಿಲ್ಲ. ಮಾಸ್ತರರದನ್ನು ಒಂದಕ್ಕೆ ಇಳಿಸಿದರೂ ನನಗೆ ಸಮಾಧಾನವೇ.

ಸೋಮವಾರ ಬರುತ್ತೇನೆ. ಅವರೂ ಅಂದೇ ಬರುವುದಾದರೆ ತಿಳಿಸಿ, ಮಂಗಳವಾರ ಬಂದರಾಯಿತು. ಬೇಡ, ಸೋಮವಾರ ನೀವು ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಬಂದು ಕೂತಿರುತ್ತೇನೆ.

ಇಂತಿ,
ಮಾಸ್ತರರಿಗಿಂತ ಮೊದಲಿನ ಗಿರಾಕಿ,
ಜಂಬಣ್ಣ