ನೆಲಕ್ಕೆ ಬಿದ್ದ ಗರಿ

ದಕ್ಷಿಣ ಡಕೋಟಾ,
ಸೋಮವಾರ

ಡೆಲ್ಮರ್ ಮಾವ,

ಸುದ್ದಿ ರೆಕ್ಕೆಪುಕ್ಕ ಕಟ್ಟಿಕೊಂಡು ನಿಮ್ಮ ಮನೆ ಮುಟ್ಟುವ ಮೊದಲು ನಾನೇ ಬರೆಯುತ್ತಿದ್ದೇನೆ. ಮೊನ್ನೆ ನಮ್ಮ ಬುಡಕಟ್ಟಿನ ಕುಣಿತದಲ್ಲಿ ನನ್ನ ಜಡೆಯಿಂದ ಹದ್ದಿನ ಗರಿ ಕಳಚಿ ನೆಲಕ್ಕೆ ಬಿತ್ತು. ಪ್ರತಿವರ್ಷ ಅದನ್ನು ಕಟ್ಟುತ್ತಿದ್ದವರು ನೀವು. ಈ ಸಲ ನಾನೇ ಕಟ್ಟಿಕೊಂಡಿದ್ದೆ.

ನಗಾರಿ ತಕ್ಷಣ ನಿಂತಿತು. ಬಿದ್ದ ಗರಿಯೆಂದರೆ ಬಿದ್ದ ಯೋಧನೇ ತಾನೆ. ಯುದ್ಧ ಕಂಡವರ ಹೊರತು ಯಾರೂ ಮುಟ್ಟುವಂತಿಲ್ಲ. ಅದನ್ನು ಎತ್ತಲು ಅಂಥ ನಾಲ್ವರು ಬೇಕಿತ್ತು, ಮೂವರೇ ಬಂದರು. "ಇನ್ನೊಬ್ರು ಯಾರಾದ್ರೂ ಇದ್ದೀರಾ?" ಎಂದು ಮೈಕಿನಲ್ಲಿ ಮತ್ತೆ ಮತ್ತೆ ಕೂಗಿದರು. ನಾನು ತಲೆ ಎತ್ತಲಿಲ್ಲ. ಕೊನೆಗೆ ನಾಲ್ಕನೆಯವರ ಜಾಗ ಖಾಲಿ ಬಿಟ್ಟೇ ಗರಿಯ ಸುತ್ತ ಕುಣಿದು, ಅದನ್ನು ಎತ್ತಿದರು.

ಗರಿ ಈಗ ಆ ಮೂವರಲ್ಲಿ ಹಿರಿಯರಾದ ವರ್ಲಿನ್ ಅಜ್ಜನ ಹತ್ತಿರ ಇದೆ. ಕೇಳಲು ಹೋದರೆ ಕೊಡಲಿಲ್ಲ. "ನಿನ್ನ ಗಂಟು ನೋಡಿದೀನಿ ಕಣೇ. ಕೋಳಿ ಕಾಲಿಗೆ ಕಟ್ಟಿದ್ರೂ ಬಿಚ್ಕೊಳ್ಳುತ್ತೆ. ಹೋಗು, ನಿಮ್ಮ ಮಾವನ್ನ ಕಳ್ಸು" ಅಂದರು.

ಆಸ್ಪತ್ರೆಯಲ್ಲಿದ್ದ ಅಮ್ಮನನ್ನು ನೋಡಲು ನೀವು ಬರಲಿಲ್ಲವೆಂದು, ಅವಳನ್ನು ಮಣ್ಣು ಮಾಡಿದ ದಿನ ಎಲ್ಲರೆದುರು ನಿಮ್ಮನ್ನು ಪುಕ್ಕಲ ಎಂದುಬಿಟ್ಟೆ. ಯುದ್ಧದಿಂದ ಬಂದವರಿಗೆ ಅನ್ನುವ ಮಾತಲ್ಲ ಅದು. ಯಾರಿಗೂ ಅನ್ನುವ ಮಾತಲ್ಲ.

ಈ ಶನಿವಾರ ಪಕ್ಕದೂರಿನಲ್ಲಿ ಕುಣಿತವಿದೆ. ವರ್ಲಿನ್ ಅಜ್ಜನೂ ಬರುತ್ತಾರೆ. ಬರುವಾಗ ಜಿಂಕೆ ಚರ್ಮದ ದಾರ ತನ್ನಿ, ಇಲ್ಲಿ ಒಳ್ಳೆಯದು ಸಿಗುವುದಿಲ್ಲ. ಜಡೆ ನಾನೇ ಹೆಣೆದುಕೊಂಡಿರುತ್ತೇನೆ. ಗರಿಯ ಜಾಗ ಮಾತ್ರ ಬಿಟ್ಟಿರುತ್ತೇನೆ.

ನಿಮ್ಮ ಅಕ್ಕನ ಮಗಳು,
ರೋಸಲಿನ್