ನೂರಾ ಹದಿಮೂರನೆಯ ಪುಟಕ್ಕೆ ಅಂಟು ಬಳಿದವಳು

ಪಠ್ಯಪುಸ್ತಕ ಕಚೇರಿಯ ಮಾನ್ಯ ನಿರ್ದೇಶಕರೇ,

ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಹೆಣ್ಣಿನ ದೇಹದ ಚಿತ್ರವಿರುವ ಎರಡು ಪುಟಗಳನ್ನು, ಮಕ್ಕಳ ಕಣ್ಣಿಗೆ ಬೀಳದಂತೆ ಒಂದಕ್ಕೊಂದು ಅಂಟಿಸಿಬಿಡಿ ಎಂದು ತಾವು ಆದೇಶ ಹೊರಡಿಸಿದಿರಿ. ಹಾಗೆ ಅಂಟಿಸಿದವರಲ್ಲಿ ನಾನೂ ಒಬ್ಬಳು. ಬೈಂಡಿಂಗ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದೇನೆ. ಪುಟ ಕಿತ್ತು ಬರಬಾರದೆಂದು ಅಂಟು ಹಾಕುವುದು ನನ್ನ ಕಸುಬು. ಪುಟ ತೆರೆಯಬಾರದೆಂದು ಅಂಟು ಹಾಕಿದ್ದು ಇದೇ ಮೊದಲು. ಆ ಅಂಟನ್ನು ಬಿಡಿಸಬೇಕೆಂದು ಕೇಳಲು ಈ ಪತ್ರ. ಲಕೋಟೆಯಲ್ಲಿಟ್ಟು ಕಳಿಸೋಣವೆಂದಿದ್ದೆ. ಆದರೆ ಮುಚ್ಚಿಡುವುದರಲ್ಲಿ ತಮ್ಮ ಕಚೇರಿಗಿರುವ ಉತ್ಸಾಹ ನೋಡಿದ ಮೇಲೆ, ನಾಲ್ಕು ಜನರ ಮುಂದೆಯೇ ಬರೆಯುವುದು ಕ್ಷೇಮವೆನಿಸಿತು.

ಮೊದಲು ತಮ್ಮ ಆದೇಶದ ಭಾಷೆಯನ್ನು ಮೆಚ್ಚಲೇಬೇಕು. "ಸದರಿ ಪುಸ್ತಕದಲ್ಲಿ ಸಂತಾನೋತ್ಪತ್ತಿಗೆ ಸಂಬಂಧಿಸಿದ, ಮುಜುಗರ ಉಂಟುಮಾಡುವ ಸದರಿ ಚಿತ್ರವಿರುವ ಎದುರುಬದುರಿನ ಸದರಿ ಪುಟಗಳನ್ನು ಪರಸ್ಪರ ಅಂಟಿಸತಕ್ಕದ್ದು." ಯಾವ ಚಿತ್ರ? ಎಷ್ಟನೆಯ ಪುಟ? ಸಂಖ್ಯೆ ಕಾಣಿಸಿದರೆ ಅನಗತ್ಯ ಕುತೂಹಲ ಕೆರಳುವ ಸಂಭವವಿರುವುದರಿಂದ ನಮೂದಿಸಿಲ್ಲ ಎಂದು ಕೆಳಗೊಂದು ಟಿಪ್ಪಣಿ ಬೇರೆ! ನಮ್ಮ ಮೇಸ್ತ್ರಿ ಪಾಪದ ಮನುಷ್ಯ. ಪುಸ್ತಕವನ್ನು ಮೊದಲಿನಿಂದ ಮಗುಚುತ್ತಾ ಹೋದರು. ಎಂಬತ್ತನಾಲ್ಕನೆಯ ಪುಟದಲ್ಲಿ 'ಲೈಂಗಿಕ ಸಂತಾನೋತ್ಪತ್ತಿ' ಎಂಬ ಶೀರ್ಷಿಕೆ ಕಂಡಿತು, ಕೆಳಗಿನ ಚಿತ್ರದಲ್ಲಿ 'ಅಂಡಾಶಯ' ಎಂಬ ಪದ ಕಂಡಿತು. ತಕ್ಷಣ ಪುಸ್ತಕ ಮುಚ್ಚಿ, "ಇದೇ ಕಣ್ರಮ್ಮಾ, ಎಂಬತ್ನಾಲ್ಕು ಎಂಬತ್ತೈದು. ನೋಡೋಕೆ ಹೋಗ್ಬೇಡಿ, ಸುಮ್ನೆ ಅಂಟಿಸಿ" ಎಂದರು. ನಾವು ಏಳು ಜನ ಹೆಂಗಸರು ಒಂದೂವರೆ ದಿನ ತಲೆಯೆತ್ತದೆ ಅಂಟಿಸಿದೆವು.

ಅದು ದಾಸವಾಳದ ಹೂವಿನ ಚಿತ್ರವಾಗಿತ್ತು, ಮಾನ್ಯರೇ.

ಮಾರನೆಯ ದಿನ ತಮ್ಮ ಕಚೇರಿಯಿಂದ ಪರಿಶೀಲನೆಗೆ ಒಬ್ಬ ಅಧಿಕಾರಿ ಬಂದರು. ಒಂದು ಪುಸ್ತಕ ತೆಗೆದು ನೋಡಿದವರೇ ಹೌಹಾರಿದರು. "ಇದಲ್ಲ ರೀ! ಇದು ಹೂವು!" ಹಾಗಾದರೆ ಯಾವುದೆಂದು ಮೇಸ್ತ್ರಿ ಕೇಳಿದರು. "ಅದು... ಇನ್ನೂ ಮುಂದಕ್ಕೆ ಬರುತ್ತೆ." ಎಷ್ಟು ಮುಂದಕ್ಕೆಂದು ಮೇಸ್ತ್ರಿ ಮತ್ತೆ ಕೇಳಿದರು. ಸಾಹೇಬರು ನಮ್ಮ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು. "ಹೆಂಗಸರ ಒಳಗಡೆ ಇರುತ್ತಲ್ಲಮ್ಮಾ, ಅದು."

ನಮ್ಮಲ್ಲಿ ಒಬ್ಬಳಿದ್ದಾಳೆ, ಬೆಳಿಗ್ಗೆ ಬಂದಾಗ ಶುರುವಾದ ಮಾತು ಸಂಜೆ ಬಾಗಿಲು ಹಾಕುವವರೆಗೆ ನಿಲ್ಲುವುದಿಲ್ಲವೆಂದು ಅವಳಿಗೆ ರೇಡಿಯೋ ಎಂದೇ ಹೆಸರು. ಅವಳು ಬಲು ವಿನಯದಿಂದ ಕೇಳಿದಳು: "ಹೃದಯಾನಾ ಸಾರ್?"

"ಅಲ್ಲಮ್ಮಾ, ಅದಕ್ಕಿಂತ ಕೆಳಗೆ."

"ಹೊಟ್ಟೆ?"

"ಇನ್ನೂ..."

"ಮಂಡಿ ಬಂತಲ್ಲ ಸಾರ್!"

ಕೊನೆಗೆ ಸಾಹೇಬರು ಮುಖವನ್ನು ಕಿಟಕಿಗೆ ತಿರುಗಿಸಿಕೊಂಡು, ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ, ಪೆನ್ನಿನ ತುದಿಯಿಂದ ನೂರಾ ಹನ್ನೆರಡು, ನೂರಾ ಹದಿಮೂರನೆಯ ಪುಟಗಳನ್ನು ತೋರಿಸಿದರು. ಹೂವು ಅಂಟಿದ ಪುಸ್ತಕಗಳು ರದ್ದಿಗೆ ಹೋದವು. ನೂರಾ ಹತ್ತನೆಯ ಪುಟದಲ್ಲಿ ಗಂಡಸಿನ ಚಿತ್ರವೂ ಇತ್ತು, ಏನೇನಿದೆಯೋ ಅದೆಲ್ಲವೂ ಹೆಸರಿನ ಸಮೇತ. ಅದನ್ನೂ ಅಂಟಿಸುವುದಾ ಎಂದು ಮೇಸ್ತ್ರಿ ಕೇಳಿದ್ದಕ್ಕೆ ಸಾಹೇಬರು ಹೇಳಿದ ಮಾತು ನಮ್ಮ ಕಾರ್ಖಾನೆಯಲ್ಲಿ ಈಗಲೂ ಓಡಾಡುತ್ತಿದೆ: "ಅದು ಇರಲಿ ಬಿಡ್ರಿ. ಅದು ವಿಜ್ಞಾನ."

ಹೂವಿನ ಅಂಡಾಶಯವನ್ನು ಚಿತ್ರ ಬಿಡಿಸಿ ಗುರುತಿಸಿದರೆ ಐದು ಅಂಕ. ನನ್ನ ಮಗಳು ತನ್ನ ಅಂಡಾಶಯವನ್ನು ಗುರುತಿಸಿದರೆ ಸಂಸ್ಕೃತಿಗೆ ಧಕ್ಕೆ. ದಾಸವಾಳಕ್ಕೆ ಇರಬಹುದಾದದ್ದು ಹುಡುಗಿಗೆ ಇರಬಾರದೆಂದರೆ ಹೇಗೆ ಸ್ವಾಮಿ? ಇದೆ, ಆದರೆ ಹೆಸರು ಹೇಳಬಾರದು ಎನ್ನುತ್ತೀರಾ? ಸಂಜೆ ಕೆಲಸ ಬಿಟ್ಟು ಬಸ್ ನಿಲ್ದಾಣದವರೆಗೆ ನನ್ನ ಜೊತೆ ಒಮ್ಮೆ ನಡೆದು ಬನ್ನಿ. ಆಟೋದವನಿಗೆ ಲಾರಿಯವನು ಬೈಯುವಾಗ, ಲಾರಿಯವನಿಗೆ ಪೊಲೀಸಿನವನು ಬೈಯುವಾಗ, ತಾವು ಅಂಟಿಸಿದ ಆ ಅಂಗದ ಹೆಸರೇ ಹೊಲಸಾಗಿ ಬೀದಿ ತುಂಬ ಹಾರಾಡುತ್ತಿರುತ್ತದೆ. ಅದಕ್ಕೆ ಯಾವ ಕಚೇರಿಯಿಂದಲೂ ಆದೇಶ ಬಂದದ್ದು ನಾನು ಕಂಡಿಲ್ಲ. ಬೈಯಲು ಬರುವ ಬಾಯಿಗೆ, ಕಲಿಸಲು ಹೇಳಿದರೆ ಮಾತ್ರ ನಾಚಿಕೆ ಬರುವುದು ವಿಚಿತ್ರವಲ್ಲವೇ?

ಇನ್ನು ನಮ್ಮ ಕಥೆ ಕೇಳಿ. ಬೈಂಡಿಂಗ್ ಕೆಲಸದವರು ಪುಸ್ತಕ ಓದುವುದಿಲ್ಲ. ಓದುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಅಕ್ಷರ ನಮ್ಮ ಪಾಲಿಗೆ ಬರೀ ಕರಿ ಗೆರೆ. ಆದರೆ ಮೇಸ್ತ್ರಿ ನೋಡಬೇಡಿ ಎಂದಿದ್ದರಲ್ಲ, ಹಾಗಾಗಿ ಈ ಸಲ ಅಂಟಿಸುವ ಮುಂಚೆ ಏಳೂ ಜನ ನೋಡಿದೆವು. ರೇಡಿಯೋ ಗಟ್ಟಿಯಾಗಿ ಓದಿದಳು: ಗರ್ಭಕೋಶ, ಅಂಡಾಶಯ, ಅಂಡನಾಳ, ಗರ್ಭಕಂಠ, ಯೋನಿ, ಭಗಾಂಕುರ. ಮೊದಲು ನಕ್ಕೆವು. ನಕ್ಕು ನಕ್ಕು ಕಣ್ಣೀರು ಬಂದ ಮೇಲೆ ಎಲ್ಲರೂ ಚಿತ್ರದ ಮೇಲೆ ಬಗ್ಗಿದೆವು. ಮೂತ್ರದ ದ್ವಾರ ಬೇರೆ, ಯೋನಿಯ ದ್ವಾರ ಬೇರೆ ಎಂಬುದು ನನಗೆ ನಲವತ್ತಾರನೆಯ ವಯಸ್ಸಿನಲ್ಲಿ, ಎರಡು ಹೆರಿಗೆ ಆದ ಮೇಲೆ, ಅಂಟಿನ ಬ್ರಷ್ ಹಿಡಿದು ನಿಂತಾಗ ತಿಳಿಯಿತು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ ಅಜ್ಜಿ ಭಗಾಂಕುರದ ಮುಂದೆ ಬರೆದಿದ್ದ ಸಾಲನ್ನು ಎರಡು ಸಲ ಓದಿಸಿಕೊಂಡಳು. 'ಸುಖದ ಸಂವೇದನೆಗೆ ಕಾರಣವಾದ ಅಂಗ' ಎಂದಿತ್ತು.

"ಅಯ್ಯೋ ಶಿವನೇ, ಅದಕ್ಕೂ ಒಂದು ಹೆಸರಿದ್ಯಾ?" ಎಂದಳು.

"ನಿಮ್ಮನೇಲಿ ಏನಂತಿದ್ರಿ ಅಜ್ಜಿ?"

"ನಮ್ಮನೇಲಿ ಯಾರೂ ಏನೂ ಅಂತಿರ್ಲಿಲ್ಲ ಕಣೇ. ಅಲ್ಲಿಗೆ ಸಂಬಂಧಪಟ್ಟಿದ್ದು ಏನೇ ಬಂದ್ರೂ ನಮ್ಮತ್ತೆ ಗಂಟಲು ಸರಿ ಮಾಡ್ಕೊಳ್ಳೋರು. ನಾವೇ ತಿಳ್ಕೋಬೇಕು."

ನೂರಾ ಹದಿಮೂರನೆಯ ಪುಟದ ಕೆಳಗೆ ಒಂದು ಚೌಕವಿತ್ತು. ಅದನ್ನು ಯಾರೂ ಗಟ್ಟಿಯಾಗಿ ಓದಲಿಲ್ಲ, ನಾನೊಬ್ಬಳೇ ಓದಿಕೊಂಡೆ. "ಮುಟ್ಟು ಪೂರ್ತಿಯಾಗಿ ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ, ಅದು ಒಂದೇ ಹನಿಯಾದರೂ ಸರಿ, ತಡಮಾಡದೆ ವೈದ್ಯರಿಗೆ ತಿಳಿಸಬೇಕು." ಮತ್ತೆ ಮೊದಲಿನಿಂದ ಬೆರಳಿಟ್ಟು ಓದಿದೆ.

ನನ್ನ ಅಕ್ಕ ಟೈಲರ್. ಬೀದಿಯ ಅರ್ಧ ಹೆಂಗಸರ ಎದೆ, ಸೊಂಟ, ತೋಳಿನ ಅಳತೆ ಅವಳಿಗೆ ಬಾಯಿಪಾಠ. ಮುಟ್ಟು ನಿಂತು ಎರಡು ವರ್ಷವಾದ ಮೇಲೆ ಒಂದು ದಿನ ಹೊಲಿಗೆ ಯಂತ್ರದ ಮುಂದೆ ಕೂತೇ ನನಗೆ ಹೇಳಿದ್ದಳು: "ಮತ್ತೆ ಶುರುವಾಗಿದೆ ಕಣೇ." ನಾನೇನು ಹೇಳಿದೆ ಗೊತ್ತೇ? "ಒಳ್ಳೇದಾಯ್ತು ಬಿಡು, ಇನ್ನೂ ಹುಡುಗಿ ನೀನು" ಎಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಆಮೇಲೆ ಅವಳು ನಮ್ಮ ಭಾವನ ಜೊತೆ ಬೀದಿಯ ಕೊನೆಯ ಡಾಕ್ಟರ ಹತ್ತಿರ ಹೋದಳು. ಏನಾಗುತ್ತಿದೆ ಎಂದು ಅವರು ಕೇಳಿದರು. ಪಕ್ಕದಲ್ಲಿ ಗಂಡ, ಪರದೆಯ ಆಚೆ ಸರದಿಯಲ್ಲಿ ಹತ್ತು ಜನ. ಅಕ್ಕ, "ಹೊಟ್ಟೆ ಸರಿ ಇಲ್ಲ ಡಾಕ್ಟ್ರೇ" ಎಂದಳು. ಡಾಕ್ಟರಿಗೂ ಅಷ್ಟೇ ಬೇಕಿತ್ತು, ಮುಂದೆ ಕೇಳಲಿಲ್ಲ. ಗ್ಯಾಸಿಗೆ ಮಾತ್ರೆ ಬರೆದರು, ಖಾರ ಕಡಿಮೆ ಮಾಡಿ ಎಂದರು. ಭಾವ ಒಳ್ಳೆಯವರು, ಮನೆಯಲ್ಲಿ ತಾವೂ ಖಾರ ಬಿಟ್ಟರು. ಹದಿನಾಲ್ಕು ತಿಂಗಳು ನನ್ನ ಅಕ್ಕ ಗರ್ಭಕೋಶದ ಕಾಯಿಲೆಗೆ ಗ್ಯಾಸಿನ ಮಾತ್ರೆ ನುಂಗಿದಳು. ಸುಳ್ಳು ಹೇಳುವ ಹೆಂಗಸಲ್ಲ ಅವಳು. ಹೊಟ್ಟೆಗೂ ತೊಡೆಗೂ ನಡುವೆ ಇರುವುದಕ್ಕೆ ಅವಳ ಬಾಯಲ್ಲಿ ಮಾತಿರಲಿಲ್ಲ, ಅಷ್ಟೇ.

ಚೌಕ ಓದಿದವಳೇ ಮೇಸ್ತ್ರಿಗೆ ಹೇಳಿ ಅರ್ಧ ದಿನ ರಜೆ ಹಾಕಿ ಓಡಿದೆ. ಅಂಗಡಿಯಲ್ಲಿ ಗಿರಾಕಿ ಇದ್ದರೂ ಅಕ್ಕನ ಕೈಹಿಡಿದು ಎಬ್ಬಿಸಿ ಹೆರಿಗೆ ಆಸ್ಪತ್ರೆಗೆ ಕರೆದೊಯ್ದೆ. "ಹೆರೋ ವಯಸ್ಸೇನೇ ನಂದು? ಯಾರಾದ್ರೂ ನೋಡಿದ್ರೆ ಏನಂದ್ಕೊಳ್ತಾರೆ?" ಎಂದು ದಾರಿಯುದ್ದಕ್ಕೂ ಗೊಣಗಿದಳು. ಅಲ್ಲಿ ಡಾಕ್ಟರಮ್ಮ ಕೇಳಿದಾಗ ಅವಳು ಮತ್ತೆ ಹೊಟ್ಟೆ ಎಂದಳು. ಆಗ ನಾನು ಬಾಯಿಬಿಟ್ಟೆ. "ಮುಟ್ಟು ನಿಂತು ಎರಡು ವರ್ಷ ಆದ್ಮೇಲೆ ಯೋನಿಯಿಂದ ರಕ್ತ ಹೋಗ್ತಿದೆ ಡಾಕ್ಟ್ರಮ್ಮಾ. ಹದಿನಾಲ್ಕು ತಿಂಗಳಾಯ್ತು." ಆ ಪದವನ್ನು ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರ ಮುಂದೆ ಆಡಿದ್ದೆ. ಛಾವಣಿ ಕುಸಿಯಲಿಲ್ಲ, ಯಾರ ಮಾನವೂ ಹೋಗಲಿಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಇಷ್ಟು ದಿನ ಎಲ್ಲಿದ್ರಿ?" ಎಂದರು.

ಗರ್ಭಕೋಶದ ಒಳಪದರದ ಕ್ಯಾನ್ಸರ್. ಆಪರೇಷನ್ ಆಯಿತು. ಡಾಕ್ಟರಮ್ಮ ಒಂದು ಚೀಟಿಯ ಹಿಂದೆ ಚಿತ್ರ ಬರೆದು, ಇದು ತೆಗೆದಿದ್ದೇವೆ, ಇದೂ ತೆಗೆದಿದ್ದೇವೆ ಎಂದು ಒಂದೊಂದರ ಹೆಸರೂ ಹೇಳಿ ತಿಳಿಸಿದರು. ಅದೇ ಚಿತ್ರ, ನಿರ್ದೇಶಕರೇ. ನೂರಾ ಹನ್ನೆರಡನೆಯ ಪುಟದ್ದು. ಅವರು ಹೋದ ಮೇಲೆ ಅಕ್ಕ ಚೀಟಿಯನ್ನು ಕೈಗೆತ್ತಿಕೊಂಡು ನನಗೆ ಹೇಳಿದಳು: "ಐವತ್ತ್ಮೂರು ವರ್ಷ ನನ್ನ ಜೊತೆಗಿತ್ತು ಕಣೇ. ಒಂದು ಸಲಾನೂ ಹೆಸರು ಹಿಡಿದು ಕರೀಲಿಲ್ಲ ನಾನು." ಕಾಯಿಲೆ ಒಂದಿಷ್ಟು ಆಚೆಗೂ ಹಬ್ಬಿತ್ತು. ಈಗ ವಿಕಿರಣ ಚಿಕಿತ್ಸೆ ನಡೆಯುತ್ತಿದೆ. ಗುಣವಾಗುತ್ತದೆಯೇ ಎಂದರೆ ಡಾಕ್ಟರಮ್ಮ ನೋಡೋಣ ಎನ್ನುತ್ತಾರೆ. ಒಂದು ವರ್ಷ ಮುಂಚೆ ಬಂದಿದ್ದರೆ ಹಾಗೆನ್ನುತ್ತಿರಲಿಲ್ಲ ಎಂದೂ ಹೇಳುತ್ತಾರೆ.

ಮಕ್ಕಳು ಕೆಟ್ಟುಹೋಗುತ್ತಾರೆ ಎಂಬುದು ತಮ್ಮ ಕಾಳಜಿಯಂತೆ. ನಾವು ಏಳು ಜನ ಆ ಪುಟ ಓದಿದೆವು. ಯಾರೂ ಕೆಟ್ಟಿಲ್ಲ, ರೇಡಿಯೋ ಮೊದಲೇ ಹಾಗಿದ್ದಳು. ಅಲ್ಲದೆ, ಮುನ್ನೂರು ಪುಟದ ಪುಸ್ತಕದಲ್ಲಿ ಎರಡೇ ಪುಟ ಅಂಟಿಸಿ ಕೊಟ್ಟರೆ ಹದಿನಾಲ್ಕು ವರ್ಷದ ಮಕ್ಕಳು ಮೊದಲು ಯಾವುದಕ್ಕೆ ಕೈಹಾಕುತ್ತಾರೆಂದು ಊಹಿಸಲು ತಮ್ಮ ಕಚೇರಿಯಲ್ಲಿ ಯಾರಿಗೂ ಮಕ್ಕಳಿಲ್ಲವೇ?

ನನಗಿದ್ದಾಳೆ. ಒಂಬತ್ತನೇ ತರಗತಿ. ಶಾಲೆ ಶುರುವಾದ ದಿನ ಪುಸ್ತಕ ತಂದು ನನ್ನ ಮುಂದೆ ಹಿಡಿದಳು. "ಅಮ್ಮಾ, ಇದು ಅಂಟ್ಕೊಂಡಿದೆ, ಬಿಡಿಸಿಕೊಡು." ನೋಡಿದೆ. ಎಲ್ಲರಿಗೂ ಬ್ರಷ್ ಎಳೆಯುವ ಒಂದು ರೀತಿ ಇರುತ್ತದೆ. ನಾನು ಅಂಚಿಗೆ ಎರಡು ಸುತ್ತು ಹಾಕುತ್ತೇನೆ, ಮೂಲೆ ಏಳಬಾರದೆಂದು. ಅಂಚಿಗೆ ಎರಡು ಸುತ್ತು ಇತ್ತು. ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದ ಮಾರನೆಯ ದಿನ, ಕೂಲಿ ತಪ್ಪಬಾರದೆಂದು, ನಾನೂ ಉಳಿದವರ ಜೊತೆ ಕೂತು ಅಂಟಿಸಿದ್ದೆ. "ನೀನೇ ಅಂಟಿಸಿದ್ದಾ?" ಎಂದಳು ಮಗಳು. ಹೂಂ ಎಂದೆ. "ಯಾಕೆ?" ಎಂದಳು.

ಆ ಪ್ರಶ್ನೆಗೆ ಉತ್ತರ ತಮ್ಮ ಆದೇಶದಲ್ಲಿ ಹುಡುಕಿದೆ, ಸಿಗಲಿಲ್ಲ. ಪುಸ್ತಕ ಹಿಡಿದು ಇಬ್ಬರೂ ಅಕ್ಕನ ಅಂಗಡಿಗೆ ಹೋದೆವು. ಚಿಕಿತ್ಸೆಯಿಂದ ಸೋತು ಗೋಡೆಗೊರಗಿ ಕೂತಿದ್ದವಳು, ವಿಷಯ ಕೇಳಿದ್ದೇ ತಡ, "ಕೊಡಿಲ್ಲಿ" ಎಂದು ಎದ್ದಳು. ಪುಟದ ಮೇಲೆ ಒದ್ದೆ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಹಗೂರಕ್ಕೆ ಆಡಿಸಿ, ಆವಿ ಹತ್ತಿಸಿ ಹತ್ತಿಸಿ ಬಿಡಿಸಿದಳು. ಚಿತ್ರ ಪೂರ್ತಿ ಉಳಿಯಿತು. ಅಕ್ಕ ಒಂದೊಂದರ ಮೇಲೂ ಸೂಜಿಯ ತುದಿ ಇಟ್ಟು ಹೆಸರು ಹೇಳಿದಳು, ಮಗಳು ಕೇಳಿಸಿಕೊಂಡಳು. "ದೊಡ್ಡಮ್ಮಾ, ನಿಂಗೆ ಇವೆಲ್ಲ ಹೆಂಗೆ ಗೊತ್ತು?" ಎಂದದ್ದಕ್ಕೆ, "ಇದ್ದಾಗ ಗೊತ್ತಿರ್ಲಿಲ್ಲ ಮಗಾ" ಎಂದಳು.

ಆದರೆ ಕೆಳಗಿನ ಚೌಕ ಉಳಿಯಲಿಲ್ಲ. ಅಂಚಿಗೆ ಎರಡು ಸುತ್ತು ಅಂಟು ಹಾಕಿದ್ದೆನಲ್ಲ, ಕಾಗದ ಸಿಪ್ಪೆ ಎದ್ದು ಅಕ್ಷರವೆಲ್ಲ ಕಿತ್ತುಹೋಗಿತ್ತು. ನನ್ನ ಅಕ್ಕನನ್ನು ಆಸ್ಪತ್ರೆಗೆ ಮುಟ್ಟಿಸಿದ ಆ ಒಂದು ವಾಕ್ಯವನ್ನು ನನ್ನ ಕೈಯೇ ಅಳಿಸಿತ್ತು. ಅಲ್ಲೇ ಕೂತು, ಅಂಗಡಿಯ ಪೆನ್ಸಿಲಿನಿಂದ, ನೆನಪಿದ್ದಂತೆ ಆ ವಾಕ್ಯವನ್ನು ಮಗಳ ಪುಸ್ತಕದಲ್ಲಿ ಮತ್ತೆ ಬರೆದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಪುಟಗಳನ್ನು ಬಿಡಿಸುವಂತೆ ಹೊಸ ಆದೇಶ ಹೊರಡಿಸಿ. ಅಂಟಿಗೆ ಬಲಿಯಾದ ಪುಟಗಳನ್ನು ಮತ್ತೆ ಮುದ್ರಿಸಿ ಕಳಿಸಿ. ಹಚ್ಚಿಕೊಡಲು ನಾವು ಏಳು ಜನ ತಯಾರಿದ್ದೇವೆ. ಆ ಆದೇಶದಲ್ಲಿ ಮಾತ್ರ 'ಸದರಿ' ಎಂಬ ಪದ ಬೇಡ. ನೂರಾ ಹನ್ನೆರಡು, ನೂರಾ ಹದಿಮೂರು ಎಂದು ಬರೆಯಿರಿ. ಗರ್ಭಕೋಶ, ಗರ್ಭಕಂಠ, ಯೋನಿ ಎಂದು ಪೂರ್ತಿ ಬರೆದು, ಕೆಳಗೆ ತಮ್ಮ ಸಹಿ ಹಾಕಿ. ಒಬ್ಬಳ ಪುಸ್ತಕಕ್ಕೆ ನಾನು ಪೆನ್ಸಿಲಿನಲ್ಲಿ ಬರೆದುಕೊಟ್ಟೆ. ಉಳಿದ ನಲವತ್ತು ಸಾವಿರ ಹುಡುಗಿಯರ ಪುಸ್ತಕದಲ್ಲಿ ಆ ವಾಕ್ಯ ನಾವು ಏಳು ಜನ ಹಾಕಿದ ಅಂಟಿನ ಕೆಳಗೇ ಇದೆ. ಅವರಲ್ಲಿ ಒಬ್ಬಳ ಅಮ್ಮ ಇವತ್ತು ಯಾವುದೋ ಡಾಕ್ಟರ ಮುಂದೆ ಕೂತು, ಹೊಟ್ಟೆ ಸರಿ ಇಲ್ಲ ಎನ್ನುತ್ತಿರಬಹುದು.

ಇಂತಿ,
ತಮ್ಮ ಆದೇಶವನ್ನು ಅಂಚಿಗೆ ಎರಡು ಸುತ್ತು ಹೆಚ್ಚಾಗಿಯೇ ಪಾಲಿಸಿದ,
ಬೈಂಡಿಂಗ್ ವಿಭಾಗದ ಒಬ್ಬ ಕೆಲಸದವಳು