ಒಂಬತ್ತನೆಯ ಕ್ಷಣ

ಎಗೈಲಾ, ಕುವೈತ್
9 ಫೆಬ್ರುವರಿ 2013

ಸಾಕ್ಷಿಯ ಪಪ್ಪಾ ಅವರಿಗೆ,

ಸ್ವಪ್ನಾ ಮಾಡುವ ನಮಸ್ಕಾರಗಳು. ಇಲ್ಲಿ ನಾನೂ ಮಗಳೂ ಕ್ಷೇಮ. ನೀವು ಕ್ಷೇಮವೆಂದು, ಕಳಿಸಿದ ಸಂಚಿಕೆಯ ಮೊದಲ ಪುಟದ ಫೋಟೋ ನೋಡಿಯೇ ಗೊತ್ತಾಯಿತು.

ನಾಲ್ಕು ವರ್ಷದಿಂದ ಬೇರೆ ಬೇರೆ ಮನೆಯಲ್ಲಿದ್ದೇವೆ, ಜಗಳವೆಲ್ಲ ಫೋನಿನಲ್ಲೇ ನಡೆದಿದೆ, ಈಗೇಕೆ ಕಾಗದ ಎಂದು ಕೇಳುತ್ತೀರಿ. ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀವು ಪೂರ್ತಿ ಉತ್ತರ ಕೊಟ್ಟು ಮುಗಿಸಿರುತ್ತೀರಿ. ಇದನ್ನಾದರೂ ಕೊನೆಯವರೆಗೆ ಓದಿ. ನಡುವೆ ಬಾಯಿ ಹಾಕಲು ಇಲ್ಲಿ ಜಾಗವಿಲ್ಲ.

ಕಂಪನಿಯ ಕ್ರಿಕೆಟ್ ತಂಡಕ್ಕೆ ಇಪ್ಪತ್ತು ವರ್ಷ ತುಂಬಿದ್ದಕ್ಕೆ ನೀವು ತರುತ್ತಿರುವ ಸ್ಮರಣ ಸಂಚಿಕೆಯ ಕರಡನ್ನು ಡ್ರೈವರ್ ಬಾವಾಕುಂಞಿ ಮೊನ್ನೆ ತಂದುಕೊಟ್ಟ. ಜೊತೆಗೆ ನಿಮ್ಮ ಚೀಟಿಯೂ ಇತ್ತು. ಸಮಾರಂಭಕ್ಕೆ ನನ್ನ ತಮ್ಮ ರವಿಕಿರಣನನ್ನು ರಾಣೆಬೆನ್ನೂರಿನಿಂದ ಕರೆಸಬೇಕು, ವೇದಿಕೆಯ ಮೇಲೆ ನೀವು ಅವನಿಗೆ ಶಾಲು ಹೊದಿಸಬೇಕು, ನಾನು ಮುಂದಿನ ಸಾಲಿನಲ್ಲಿ ಕೂತಿರಬೇಕು, ಎಲ್ಲ ಮುಗಿದ ಮೇಲೆ ನಾನು, ಮಗಳು ನಿಮ್ಮ ಕಾರು ಹತ್ತಿ ನಿಮ್ಮ ಮನೆಗೆ ಬರಬೇಕು. ರವಿ ಅಕ್ಕನ ಮಾತು ಮೀರುವುದಿಲ್ಲ, ನೀನೇ ಹೇಳಿ ಒಪ್ಪಿಸು ಎಂದು ಬರೆದಿದ್ದೀರಿ. ಎಷ್ಟು ಚೆಂದದ ಏರ್ಪಾಡು. ತಂಡದ ಮ್ಯಾನೇಜರಿಕೆ ಮಾಡಿದ ಕೈ ಅಲ್ಲವೇ, ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ನಿಮಗೆ ಹೇಳಿಕೊಡಬೇಕಿಲ್ಲ.

'ಮರೆಯಲಾಗದ ಹನ್ನೆರಡು ಕ್ಷಣಗಳು' ಓದಿದೆ. ಚೆನ್ನಾಗಿ ಬರೆಸಿದ್ದೀರಿ. ತೊಂಬತ್ತಮೂರರಲ್ಲಿ ಯಾರದೋ ಹಳೆಯ ಚಾಪೆ ಬೇಡಿ ತಂದು ಮರಳಿನ ಮೇಲೆ ಹಾಸಿ ಆಡಿದ ಮೊದಲ ಮ್ಯಾಚು ಇದೆ. ತೊಂಬತ್ತಾರರ ಸೆಮಿಫೈನಲ್ ಇದೆ. ಅದೇ ಶುಕ್ರವಾರ ಸಾಕ್ಷಿ ಹುಟ್ಟಿದ್ದು ಮಾತ್ರ ಇಲ್ಲ. ನೀವು ಕಾಲಿಗೆ ಕಟ್ಟಿದ ಪ್ಯಾಡು ಬಿಚ್ಚದೆ ಹೆರಿಗೆ ವಾರ್ಡಿಗೆ ಬಂದಾಗ ಫಿಲಿಪೀನೋ ನರ್ಸು ನಿಮ್ಮ ಕಾಲು ಮುರಿದಿದೆ ಎಂದುಕೊಂಡಿದ್ದಳು. ಇನ್ನು ಎರಡು ಸಾವಿರದ ಮೂರರಲ್ಲಿ, ಇರಾಕ್ ಯುದ್ಧದ ವರ್ಷ, ಸೈರನ್ ಕೂಗಿ ಎಲ್ಲರೂ ನೀರಿನ ಟ್ಯಾಂಕರಿನ ಕೆಳಗೆ ನುಗ್ಗಿದ್ದು, ಅಂಪೈರ್ ಮಾತ್ರ ಬೇಲ್ಸ್ ಎತ್ತಿ ಜೇಬಿಗೆ ಹಾಕಿಕೊಂಡು ಆಮೇಲೆ ಓಡಿದ್ದು. ಅದನ್ನು ಓದಿ ನಾನೂ ನಕ್ಕೆ. ನಕ್ಕಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಆಮೇಲೆ ಒಂಬತ್ತನೆಯದು. 'ಒಂದೇ ಕಣ್ಣಿನಲ್ಲಿ ಗೆದ್ದ ಕಪ್.' ಎರಡು ಪುಟ, ಬಣ್ಣದ ಫೋಟೋ. ಸಾಕ್ಷಿ ಓದಿ, ಮಾಮಾನದು ಎಂಥಾ ಕೂಲ್ ಸ್ಟೋರಿ ಮಮ್ಮಿ, ನೀನ್ಯಾಕೆ ಇದನ್ನ ಯಾವತ್ತೂ ಹೇಳೇ ಇಲ್ಲ ಎಂದು ಅವಳ ಇಂಗ್ಲಿಷಿನಲ್ಲಿ ಕೇಳಿದಳು. ಒಗ್ಗರಣೆ ಸೀಯುತ್ತಿದೆ ಎಂದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಈಗ ನನ್ನ ಒಂಬತ್ತನೆಯ ಕ್ಷಣ ಕೇಳಿ.

ಬೇರೆ ಕಂಪನಿಗಳಲ್ಲಿ ಕೆಲಸಕ್ಕೆ ಬಂದವರು ಶುಕ್ರವಾರ ಆಡುತ್ತಿದ್ದರು. ನಿಮ್ಮಲ್ಲಿ ಆಡುವವರನ್ನೇ ಹುಡುಕಿ ವೀಸಾ ಕೊಟ್ಟು ತರುತ್ತಿದ್ದರು. ಇಲ್ಲಿರಲು ಕೊಡುವ ಇಕಾಮಾದಲ್ಲಿ 'ಸ್ಟೋರ್ ಹೆಲ್ಪರ್' ಎಂದು ಬರೆದಿರುತ್ತಿತ್ತು, ಸಂಬಳ ಮಾತ್ರ ಬೌಲಿಂಗಿಗೆ. ಹಾಗೆ ಬಂದವನೇ ರವಿ. ರಾಣೆಬೆನ್ನೂರಿನಲ್ಲಿ ಅಪ್ಪನ ಬೀಜದ ಅಂಗಡಿಯಲ್ಲಿ ತಣ್ಣಗೆ ಕೂತಿದ್ದವನನ್ನು ನೀವೇ ರಜೆಗೆ ಹೋದಾಗ ನೋಡಿ, ಈ ಕೈ ಇಲ್ಲಿ ಇರೂದಲ್ಲ ಎಂದು ಎಬ್ಬಿಸಿಕೊಂಡು ಬಂದಿರಿ. ನಮ್ಮವ್ವ ಅನ್ನಪೂರ್ಣೆವ್ವ ನಿಮ್ಮ ಕೈ ಹಿಡಿದು, ನಿಮ್ಮ ಉಡಿಯಾಗ ಹಾಕೇನ್ರಿ, ಜ್ವಾಕಿ ಎಂದಿದ್ದಳು. ನೀವು ನಗುತ್ತ ತಲೆ ಆಡಿಸಿದ್ದು ನನಗೆ ನೆನಪಿದೆ.

ಎರಡು ಸಾವಿರದ ನಾಲ್ಕರ ಮಾರ್ಚಿನಲ್ಲಿ ಜಹ್ರಾ ಮೈದಾನದ ಫೈನಲ್. ಈ ಸಲ ಕಪ್ ಬರದಿದ್ದರೆ ತಂಡ ಖಲಾಸ್ ಎಂದು ಕಂಪನಿಯ ಧಣಿ, ನಿಮ್ಮ ಕಫೀಲ್ ಹೇಳಿದ್ದ. ಗೆದ್ದರೆ ಸೈಟಿನ ಧೂಳು ಬಿಡಿಸಿ ನಿಮ್ಮನ್ನು ಮಿರ್ಕಾಬಿನ ಆಫೀಸಿಗೆ ಹಾಕುತ್ತೇನೆ ಎಂದೂ ಹೇಳಿದ್ದ. ಅದು ಸಂಚಿಕೆಯಲ್ಲಿಲ್ಲ.

ಎದುರು ತಂಡದ ಬ್ಯಾಟಿಂಗಿನ ಕೊನೆಯ ಓವರನ್ನು ರವಿಯೇ ಹಾಕುತ್ತಿದ್ದ. ಬ್ಯಾಟ್ಸ್‌ಮನ್ ನೇರ ಬಾರಿಸಿದ ಚೆಂಡು ಅವನ ಬಲಗಣ್ಣಿಗೆ ಬಿತ್ತು. ಟೆಂಟಿನಲ್ಲಿ ರೊಟ್ಟಿ, ಪಲ್ಯ ಬಡಿಸಲು ಕೂತಿದ್ದ ನನಗೂ ಆ ಸಪ್ಪಳ ಕೇಳಿತು. ಅವನ ಕಣ್ಣು ಉಬ್ಬಿ ಮುಂದಕ್ಕೆ ಬರುತ್ತಿತ್ತು. ನಮಾಜಿನ ಬಿಡುವಿಗೆಂದು ಆಟ ಒಂದು ತಾಸಿಗೂ ಹೆಚ್ಚು ಹೊತ್ತು ನಿಂತಿತು. ವ್ಯಾನಿನಲ್ಲಿ ಹೋದರೆ ಆಸ್ಪತ್ರೆ ಕಾಲು ತಾಸಿನ ಹಾದಿ. ಬಾವಾಕುಂಞಿ ಅವತ್ತು ಜುಮ್ಮಾ ನಮಾಜಿಗೂ ಹೋಗದೆ ವ್ಯಾನು ಚಾಲೂ ಇಟ್ಟುಕೊಂಡು ನಿಂತಿದ್ದ. ಅಕ್ಕಾ, ಇದು ನೋಡಿದ್ರೆ ಸರಿ ಇಲ್ಲ, ಹೋಗುವ, ನೀವಾದ್ರೂ ಸಾರ್‌ಗೆ ಹೇಳಿ ಎಂದ.

ನಾನು ಬಂದು ನಿಮಗೆ ಹೇಳಿದೆ. ಎಲ್ಲರೆದುರಿಗೆ ಹೇಳಿದೆ. ಈ ಟೂರ್ನಿಯಾಗ ಆಟದ ನಡುವೆ ಮೈದಾನ ಬಿಟ್ಟು ಹೋದವನಿಗೆ ಬ್ಯಾಟಿಂಗ್ ಕೊಡೂದಿಲ್ಲ, ಹತ್ತೇ ಮಂದಿ ಆಗ್ತೀವಿ, ಬಾವು ಅಷ್ಟೇ ಅದು, ಐಸ್ ಇಟ್ರ ಇಳೀತದ, ನೀ ಟೆಂಟಿನಾಗ ಹೋಗಿ ಕುಂಡ್ರು ಎಂದಿರಿ. ರವಿಯೂ ನಿಮ್ಮ ಕಡೆಯೇ ಮಾತಾಡಿದ. ಅಕ್ಕಾ, ನನಗೇನೂ ಆಗಿಲ್ಲ, ಮಾಮಾನ ಕೂಡ ಜಗಳಾ ತಗೀಬ್ಯಾಡ ಎಂದ. ಅವನಿಗೆ ಇಪ್ಪತ್ನಾಲ್ಕು ವರ್ಷ. ನಿಮಗೆ ಮೂವತ್ತೆಂಟು. ಯಾರ ಮಾತು ಕೇಳಬೇಕಿತ್ತು ಎಂದು ನಾನು ಹೇಳಬೇಕಿಲ್ಲ.

ಮುಂದಿನದು ಸಂಚಿಕೆಯಲ್ಲಿ ಇದ್ದಂತೆಯೇ ನಡೆಯಿತು, ಅದರಲ್ಲಿ ಸುಳ್ಳಿಲ್ಲ. ಒಂಬತ್ತನೆಯ ವಿಕೆಟ್ ಬಿತ್ತು, ಆರು ರನ್ ಬೇಕಿತ್ತು, ರವಿ ತಲೆಗೆ ಟವೆಲು ಸುತ್ತಿಕೊಂಡು ಹೋದ, ಎರಡು ಚೆಂಡು ಬಿಟ್ಟ, ಮೂರನೆಯದನ್ನು ಬೌಂಡರಿಗೆ ಅಟ್ಟಿದ, ನಾಲ್ಕನೆಯದನ್ನೂ ಅಟ್ಟಿದ. ಎಲ್ಲರೂ ಅವನನ್ನು ಹೆಗಲ ಮೇಲೆ ಹೊತ್ತರು. ಕಫೀಲ್ ಬಂದು ಅವನ ಹಣೆಗೆ ಮುತ್ತಿಟ್ಟ. ಫೋಟೋ ತೆಗೆದರು. ಬಣ್ಣದಲ್ಲಿ ಹಾಕಿದ್ದೀರಲ್ಲ, ಅದೇ ಫೋಟೋ. ಇನ್ನೊಮ್ಮೆ ನೋಡಿ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ರವಿಯ ಪಕ್ಕ ನಿಂತ ನೀವು ಕಪ್ ನೋಡುತ್ತಿದ್ದೀರಿ.

ಆಸ್ಪತ್ರೆಗೆ ಅವನನ್ನು ಕರೆದೊಯ್ದಿದ್ದು ನಾನು ಮತ್ತು ಬಾವಾಕುಂಞಿ. ಕಫೀಲ್ ಊಟ ಹಾಕಿಸುತ್ತಿದ್ದಾನೆ, ಬಿಟ್ಟು ಬಂದರೆ ಚೆನ್ನಾಗಿರುವುದಿಲ್ಲ ಎಂದು ನೀವು ಸಂಜೆ ಬಂದಿರಿ. ಅಷ್ಟರಲ್ಲಿ ಕಣ್ಣಿನ ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು ಮಾತಾಡಿ ಆಗಿತ್ತು. ಚೆಂಡು ಬಿದ್ದು ಕಣ್ಣು ಹೋದದ್ದಲ್ಲ. ಕಣ್ಣಿನ ಹಿಂದೆ ರಕ್ತ ತುಂಬಿ ನರವನ್ನು ಒತ್ತಿತ್ತು. ಒಂದು ತಾಸು, ಹೆಚ್ಚೆಂದರೆ ಒಂದೂವರೆ ತಾಸಿನೊಳಗೆ ತಂದಿದ್ದರೆ ಸಣ್ಣದಾಗಿ ಕೊಯ್ದು ಆ ಒತ್ತಡ ಇಳಿಸುತ್ತಿದ್ದೆವು, ದೃಷ್ಟಿ ಉಳಿಯುತ್ತಿತ್ತು ಎಂದರು. ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಏನು ಹೇಳಲಿ ಅವರಿಗೆ, ಗೆಲ್ಲುತ್ತಿದ್ದೆವು ಎನ್ನಲೇ?

ನಿಮಗೆ ಇದು ಇವತ್ತೇ ಗೊತ್ತಾಗುತ್ತಿದೆ. ಚೆಂಡು ಬಿದ್ದಾಗಲೇ ಕಣ್ಣು ಹೋಗಿತ್ತಂತೆ, ಯಾರಿಂದಲೂ ಏನೂ ಆಗುತ್ತಿರಲಿಲ್ಲವಂತೆ ಎಂದು ರವಿಗೆ ಹೇಳಿದವಳು ನಾನು. ಹಾಸಿಗೆಯಲ್ಲಿ ಮಲಗಿದವನು ಮೊದಲು ಕೇಳಿದ್ದೇ, ಅಕ್ಕಾ, ನಾ ಮತ್ತ ಆಡಾಕ ಹೋಗಿದ್ದಕ್ಕ ಹಿಂಗಾತೇನು ಎಂದು. ಇಲ್ಲ ಎಂದೆ. ಅವನ ಮುಖ ತಿಳಿಯಾಯಿತು. ನಿಮಗೂ ಅದನ್ನೇ ಹೇಳಿದೆ, ಯಾಕೆಂದರೆ ನಿಮಗೆ ಗೊತ್ತಾಗಿದ್ದರೆ ಅದೇ ದಿನ ಅವನ ಕೈ ಹಿಡಿದು ಅತ್ತುಬಿಡುತ್ತಿದ್ದಿರಿ. ತಪ್ಪು ಮಾಡಿದಾಗ ಅತ್ತು ಹಗುರಾಗುವುದು ನಿಮ್ಮ ಗುಣ. ಹೊರೆ ಮಾತ್ರ ಎದುರಿಗಿದ್ದವರ ಹೆಗಲಿಗೆ ಬರುತ್ತದೆ.

ಮರುವರ್ಷ ಅವನ ಇಕಾಮಾ ಮುಂದುವರಿಯಲಿಲ್ಲ. ಒಂದು ಕಣ್ಣಿನ ಬೌಲರ್ ಯಾರಿಗೆ ಬೇಕು? ಕಫೀಲ್ ಹೇಳಿದ ಮ್ಯಾಲೆ ನಾ ಏನ್ ಮಾಡ್ಲಿ ಎಂದು ನೀವು ಮಿರ್ಕಾಬಿನ ಹೊಸ ಕುರ್ಚಿಯಲ್ಲಿ ಕೂತು ಕೇಳಿದಿರಿ. ನಾನು ಇನ್ನೂ ನಾಲ್ಕು ವರ್ಷ ನಿಮ್ಮೊಂದಿಗೆ ಸಂಸಾರ ಮಾಡಿದೆ. ಪ್ರತಿ ಶುಕ್ರವಾರ ನೀವು ಮೈದಾನಕ್ಕೆ ಹೊರಡುವುದನ್ನು ನೋಡಿದೆ. ಕಡೆಗೆ ಇಲ್ಲಿನ ಮಾಲ್ ಒಂದರಲ್ಲಿ ಕೆಲಸ ಹಿಡಿದು ಮಗಳನ್ನು ಕರೆದುಕೊಂಡು ಬಂದೆ. ಯಾಕೆ ಬಿಟ್ಟುಹೋದೆ ಎಂದು ನೀವು ಕೇಳಿದಾಗಲೆಲ್ಲ ಒಂದೊಂದು ಕಾರಣ ಹೇಳಿದ್ದೇನೆ. ನಿಮ್ಮ ಸಿಟ್ಟು, ನಿಮ್ಮ ತಂಡ, ನಿಮ್ಮ ಸ್ನೇಹಿತರು. ಕಾರಣ ಇದೊಂದೇ.

ಈ ಒಂಬತ್ತನೆಯ ಕ್ಷಣವನ್ನು ಹರಿದು ಹಾಕಿ ಎಂದು ಬರೆಯಲೆಂದೇ ಮೊನ್ನೆ ಕೂತಿದ್ದೆ. ಅದಕ್ಕೂ ಮುಂಚೆ ರವಿಗೆ ಫೋನು ಮಾಡಿದೆ. ಅವನಿಗೆ ಎಲ್ಲ ಹೇಳಿಬಿಡಬೇಕೆಂದೇ ಮಾಡಿದೆ. ಊರಿನಲ್ಲಿ ಅವನೀಗ ಶಾಲೆಯ ಹುಡುಗರಿಗೆ ಆಟ ಕಲಿಸುತ್ತಾನೆ. ಎಲ್ಲರೂ ಅವನನ್ನು ಕುವೈತ್ ರವಿ ಎಂದೇ ಕರೆಯುತ್ತಾರಂತೆ. ಸಂಚಿಕೆಯ ವಿಷಯ ಎತ್ತಿದ ಕೂಡಲೇ, ಎರಡ ಪುಟಾ ಹಾಕ್ಯಾರೇನು ಮಾಮಾ, ಖರೇನಾ ಎಂದು ಎರಡು ಸಲ ಕೇಳಿದ. ಅಪ್ಪನನ್ನು ಕೂಗಿ ಹೇಳಿದ. ಆ ಎರಡು ಬೌಂಡರಿಗಳನ್ನು ಬಿಟ್ಟರೆ ನನ್ನ ತಮ್ಮನ ಬಾಳಿನಲ್ಲಿ ಅವನು ತಲೆ ಎತ್ತಿ ಹೇಳುವಂಥದ್ದು ಇನ್ನೇನಿದೆ? ಕಣ್ಣು ನೀವು ಕಳೆದಿರಿ. ಇದನ್ನೂ ನಾನು ಕಳೆಯಲೇ? ಸಮಾರಂಭದ ವಿಷಯವಷ್ಟೇ ಹೇಳಿ ಫೋನು ಇಟ್ಟೆ.

ಆದ್ದರಿಂದ ಅಚ್ಚು ಹಾಕಿಸಿ. ಒಂದು ಅಕ್ಷರವನ್ನೂ ಬದಲಿಸಬೇಡಿ. ನಾನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆಯನ್ನೂ ತಟ್ಟುತ್ತೇನೆ. ನಿಮ್ಮ ಕಾರಿಗೆ ಮಾತ್ರ ಬರುವುದಿಲ್ಲ, ಅವತ್ತೂ ಇಲ್ಲ, ಮುಂದೆಯೂ ಇಲ್ಲ. ಮತ್ತೆ ಇಷ್ಟನ್ನು ನಡೆಸಿಕೊಡಿ. ರವಿಯ ಮುಂದೆ ಅಳಬಾರದು. ಕ್ಷಮೆ ಕೇಳಬಾರದು. ಅವನು ನಿಮ್ಮ ಕಾಲಿಗೆ ನಮಸ್ಕಾರ ಮಾಡುತ್ತಾನೆ, ಅವನ ಸ್ವಭಾವ ನಿಮಗೆ ಗೊತ್ತು. ಮಾಡಿಸಿಕೊಳ್ಳಿ. ನಗುತ್ತ ಶಾಲು ಹೊದಿಸಿ. ಒಂಬತ್ತು ವರ್ಷ ನಾನು ಒಬ್ಬಳೇ ಇದನ್ನು ನುಂಗಿಕೊಂಡು ಇದ್ದೇನೆ, ಇನ್ನು ಮುಂದೆ ನೀವೂ ಇರಿ.

ಇಂತಿ,
ಸ್ವಪ್ನಾ

ಮರೆತ ಮಾತು: ರವಿ ಬರಲು ಒಪ್ಪಿದ್ದಾನೆ. ವೇದಿಕೆಯಲ್ಲಿ ನೀವು ಅವನ ಎಡಗಡೆಗೆ ನಿಲ್ಲಬೇಕಂತೆ. ಬಲಗಡೆ ನಿಂತರೆ ಮಾಮಾ ಕಾಣೂದಿಲ್ಲ, ಶಾಲು ಹಾಕೂವಾಗ ನಾ ಅವರ ಮುಖಾ ನೋಡಬೇಕು ಅಂದ.